ನಾಲ್ಕನೆಯ ಕಲ್ಲು

ಕರಗಿದ ಜೇನುಮೇಣದ ವಾಸನೆ ಬಂದರೆ ನಾನು ಈಗಲೂ ಅಲ್ಲಿಗೇ ಹೋಗಿ ನಿಲ್ಲುತ್ತೇನೆ: ಹರೂರಿನ ಹತ್ತಿರದ ನಮ್ಮ ಮನೆಯ ಜಗಲಿ, ಎಡಗಡೆಯ ಕಂಬದ ಪಕ್ಕ, ತಾತನಿಂದ ಎರಡು ಮೊಳ ದೂರ. ಎಪ್ಪತ್ತೆರಡರ ಬೇಸಿಗೆ, ಕುರಿಗಳು ಇನ್ನೂ ಬಯಲಿನಿಂದ ಬಾರದ ಹೊತ್ತು. ನನಗೆ ಒಂಬತ್ತು ವರ್ಷ.

ಚಿಕ್ಕಪ್ಪ ರೇಡಿಯೋ ಕಟ್ಟುತ್ತಿದ್ದ. ಏರ್ಕಾಡಿನ ಎಸ್ಟೇಟ್ ಬಂಗಲೆಯೊಂದರಲ್ಲಿ ಮೂಲೆಗೆ ಬಿದ್ದಿದ್ದ ಪೆಟ್ಟಿಗೆಯಿಂದ ವಾಲ್ವುಗಳನ್ನು ಬೇಡಿ ತಂದಿದ್ದ. ಬಸ್ಸು ಘಾಟಿ ಇಳಿಯುವಾಗ ಗಾಜು ಒಡೆದೀತೆಂದು ಕುರಿಯುಣ್ಣೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದನಂತೆ. ನಿಲಯ ಹಿಡಿಯುವ ಕಾಯಿಲ್ ಮಾತ್ರ ಎಲ್ಲೂ ಸಿಗಲಿಲ್ಲ. ಸುಟ್ಟ ಟ್ರಾನ್ಸ್‌ಫಾರ್ಮರಿನ ತಾಮ್ರದ ತಂತಿ ಬಿಚ್ಚಿ, ಬಿದಿರಿನ ತುಂಡಿಗೆ ಎಂಬತ್ತು ಸುತ್ತು ಸುತ್ತಿ, ಕದಲದಂತೆ ಮೇಣ ಹಚ್ಚು ಎಂದು ಸೇಲಂನ ಮೆಕ್ಯಾನಿಕ್ ಒಬ್ಬ ಹೇಳಿಕೊಟ್ಟ. ಸುತ್ತು ಕಡಿಮೆಯಾದರೆ ಬೆಂಗಳೂರು ನಿಲಯ ಬರುವುದಿಲ್ಲ ಎಂದೂ ಹೇಳಿದ್ದ. ಬೆಂಗಳೂರು ಬೇಕಾಗಿದ್ದದ್ದು ತಾತನಿಗೆ. ಅಂಗಡಿ, ಆಫೀಸು, ಬಸ್ಸು ಎಲ್ಲವೂ ತಮಿಳಾಗಿದ್ದ ಕಡೆ, ಪೆಟ್ಟಿಗೆಯೊಳಗಿಂದ ನಮ್ಮ ಮಾತು ಬರುತ್ತದೆ ಎಂಬುದನ್ನು ಅರೆನಂಬಿಕೆಯಲ್ಲೇ ಅವನು ಕಾಯುತ್ತಿದ್ದ.

ಸುತ್ತಿ ಎಣಿಸುವ ಕೆಲಸ ತಾತನದೇ ಆಯಿತು. ಕಣ್ಣಿಗೆ ಪೊರೆ ಬಂದಿದ್ದರೂ ದಿನವೂ ಸಂಜೆ ಹಟ್ಟಿಯ ಬಾಗಿಲಲ್ಲಿ ಕೂತು, ಒಳಹೋಗುವ ಕುರಿಗಳ ಬೆನ್ನು ಮುಟ್ಟಿ ಎಣಿಸುವವನು ಅವನೇ. ಇಪ್ಪತ್ತಾದರೆ ಮಡಿಲಿಗೆ ಒಂದು ಕಲ್ಲು. ನೆನಪನ್ನಲ್ಲ, ಕಲ್ಲನ್ನು ನಂಬಬೇಕು ಎನ್ನುತ್ತಿದ್ದ. ತಂತಿಗೂ ಅದೇ ಲೆಕ್ಕ ಹಿಡಿದ. ಚಿಕ್ಕಪ್ಪ ಒಳಗೆ ಒಲೆಯ ಮೇಲೆ ಮೇಣ ಕರಗಿಸುತ್ತಿದ್ದ. ಕೆಂಪಮ್ಮತ್ತೆ ಜಗಲಿಯ ಆಚೆ ತುದಿಯಲ್ಲಿ ಉಣ್ಣೆ ಹಿಂಜುತ್ತಿದ್ದಳು. ತಂತಿ ಸಡಿಲಾಗದಂತೆ ಎಳೆದು ಹಿಡಿದಿದ್ದ ನನ್ನ ಅಂಗೈ ಉರಿಯುತ್ತಿತ್ತು. ಬೀದಿಯಲ್ಲಿ ಗೆಳತಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ತಾತನ ಮಡಿಲಲ್ಲಿ ಎರಡು ಕಲ್ಲಿದ್ದಾಗ ನಾನು ಮೂರನೆಯದನ್ನು ಮೆಲ್ಲಗೆ ಹಾಕಿದೆ. ಮುಂದಿನ ಇಪ್ಪತ್ತಕ್ಕೆ ತಾತ ಇನ್ನೊಂದು ಹಾಕಿ, ಮಡಿಲು ತಡವಿ, ಕೈ ನಿಲ್ಲಿಸಿದ.

“ಇಷ್ಟು ಬಿರ್ನೆ ಆಗೋಯ್ತಾ ಕೂಸೇ?”

“ಆಯ್ತು ತಾತ.”

“ಕಲ್ಲು ನಾಕೈತೆ. ಸರಿ ಬುಡು.”

ರೇಡಿಯೋ ಮಾತಾಡಿತು. ತಿರುಚ್ಚಿ ಚೊಕ್ಕವಾಗಿ ಬಂತು. ಮುಳ್ಳನ್ನು ಕೊನೆಯವರೆಗೆ ತಿರುಗಿಸಿದರೂ ಬೆಂಗಳೂರು ಬರಲಿಲ್ಲ. ಮೂರು ದಿನ ಪರದಾಡಿದ ಚಿಕ್ಕಪ್ಪ ಕೊನೆಗೆ ಮೇಣ ಕೆರೆದು ಸುತ್ತು ಬಿಚ್ಚಿ ಎಣಿಸಿದ. ಅವನು ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಅಪ್ಪಾ, ಅರವತ್ತೇ ಐತೆ. ಪರವಾಗಿಲ್ಲ, ವಯಸ್ಸಾಯ್ತಲ್ಲ ನಿಂಗೆ” ಎಂದ.

ತಾತ ಬಹಳ ಹೊತ್ತು ಅಂಗೈಯಿಂದ ಮೊಣಕಾಲು ಉಜ್ಜುತ್ತ ಕೂತ. “ಅಂಗಾದ್ರೆ ಕುರೀನೂ ತಪ್ಪಾಗೇ ಎಣಿಸ್ತಿದ್ದೀನಾ?” ಎಂದು ಕೇಳಿದ. ನಾನು ಅದೇ ಕಂಬ ಹಿಡಿದು ನಿಂತಿದ್ದೆ. ಅಂದು ಸಂಜೆ ಅವನು ಕಲ್ಲಿನ ಚೀಲವನ್ನು ಚಿಕ್ಕಪ್ಪನ ಕೈಗೆ ಕೊಟ್ಟ. ಮತ್ತೆಂದೂ ಹಟ್ಟಿಯ ಬಾಗಿಲಲ್ಲಿ ಕೂರಲಿಲ್ಲ.

ಎರಡನೆಯ ಕಾಯಿಲನ್ನು ಚಿಕ್ಕಪ್ಪನೇ ಸುತ್ತಿದ. ಬೆಂಗಳೂರು ಬಂತು, ಕನ್ನಡ ಬಂತು. ಅಕ್ಕಪಕ್ಕದವರು ಜಗಲಿ ತುಂಬ ಕೂತರು. ತಾತ ಮಾತ್ರ ಹಟ್ಟಿಯ ಹಿಂದೆ, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಕರೆಯಲು ಹೋದರೆ, “ಇಲ್ಲಿಗೇ ಕೇಳ್ತೈತೆ, ಓಗು” ಎಂದ. ಅಲ್ಲಿಗೆ ಏನೂ ಕೇಳುತ್ತಿರಲಿಲ್ಲ. ಮರುವರ್ಷ ತೀರಿಕೊಂಡ. ಕುರಿಗಳು ಹೋದವು, ಜಗಲಿ ಹೋಯಿತು. ತನ್ನ ಅಪ್ಪನ ಎಣಿಕೆ ಆ ವರ್ಷ ಕೆಟ್ಟಿತು ಎಂದು ನಂಬಿಕೊಂಡೇ ಚಿಕ್ಕಪ್ಪನೂ ಹೋದ.

ಕೆಂಪಮ್ಮತ್ತೆ ಈಗ ಅದಿಯಮಾನ್‌ಕೋಟೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೋದ ಸಲ ಎಲ್ಲವನ್ನೂ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವಳು ನನ್ನ ಅಂಗೈಯನ್ನು ತಿರುಗಿಸಿ ನೋಡಿದಳು.

“ಕಲ್ಲಾಕಿದ್ದು ಕಂಡೆ ಕಣೆ. ನೀನೇ ಬಾಯ್ಬುಡ್ತೀಯ ಅಂತ ಕಾಯ್ತಿದ್ದೆ” ಎಂದಳು.

ಕಂಡವಳು ಅವಳೊಬ್ಬಳೇ. ಇನ್ನೂ ಇದ್ದಾಳೆ.