ಗೇಟಿನಲ್ಲಿ ಅರವತ್ತಮೂರು

ನೆವಿಲ್ ಹಿಂಡಲ್‌ಗೆ ಬಸ್ಸಿನಲ್ಲಿ ಅರವತ್ತಾರು ವರ್ಷ, ಫುಟ್‌ಬಾಲ್ ಗೇಟಿನಲ್ಲಿ ಅರವತ್ತಮೂರು. ಬಸ್ ನಿಲ್ದಾಣದಿಂದ ನಮ್ಮ ಬ್ರೆಕ್‌ಶಾ ಟೌನ್ ಕ್ಲಬ್ಬಿನ ಮೈದಾನಕ್ಕೆ ಇನ್ನೂರು ಹೆಜ್ಜೆಯೂ ಇಲ್ಲ. ಅಷ್ಟು ದೂರ ನಡೆಯುವುದರೊಳಗೆ ಮನುಷ್ಯ ಮೂರು ವರ್ಷ ಚಿಕ್ಕವನಾಗುತ್ತಿದ್ದ. ಊರಿನವರು ಇದನ್ನು ಹೇಳಿಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ. ನಗಬಾರದಾಗಿತ್ತು.

ನಾವಿಬ್ಬರೂ ಒಂದೇ ಬೀದಿಯವರು, ಒಂದೇ ತರಗತಿಯವರು. ಮನೆಯೊಳಗೆ ಹಾಕಿಕೊಳ್ಳುವ ಉಣ್ಣೆಯ ಚಪ್ಪಲಿ ಮಾಡುವ ಕಾರ್ಖಾನೆಯಲ್ಲಿ ಅವನು ಅಂಟು ಬಳಿಯುತ್ತಿದ್ದ, ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ಕಾರ್ಖಾನೆ ಮುಚ್ಚಿದಾಗ ನನಗೆ ಹೆಂಡತಿ ಮಕ್ಕಳಿದ್ದರು; ಅವನಿಗೆ ಕೆಮ್ಮು ಇತ್ತು. ಮದುವೆಯ ಗೊಡವೆಗೇ ಹೋಗದೆ ತಾಯಿಯನ್ನು ಕೊನೆಯವರೆಗೆ ನೋಡಿಕೊಂಡ. ವಾರವಿಡೀ ಬಾಯಿಗೆ ಹೊಲಿಗೆ ಹಾಕಿದವನಂತೆ ಇರುತ್ತಿದ್ದ ಆಸಾಮಿ ಶನಿವಾರ ಮಧ್ಯಾಹ್ನ ಮೂರಕ್ಕೆ, ಗೋಲಿನ ಹಿಂದೆ ಎಡಗಡೆಯ ಕಬ್ಬಿಣದ ಕಂಬಿಗೆ ಮೊಣಕೈ ಊರಿದನೆಂದರೆ ಸಾಕು, ಮಾತಾಡತೊಡಗುತ್ತಿದ್ದ. ರೆಫರಿಯ ವಂಶಾವಳಿಯೆಲ್ಲ ಹೊರಗೆ ಬರುತ್ತಿತ್ತು. ಐವತ್ತು ವರ್ಷ ನಾವು ನಿಂತ ಜಾಗ ಅದೊಂದೇ. ನನ್ನ ಫ್ಲಾಸ್ಕಿನ ಚಹಾ, ಅವನು ಕೊಳ್ಳುವ ಮಾಂಸದ ಪೈ, ಇಬ್ಬರಿಗೂ ಅರ್ಧರ್ಧ. ಅವನ ಬದುಕಿನಲ್ಲಿ ಬದುಕು ಎನ್ನಬಹುದಾದದ್ದು ಆ ಎರಡು ಗಂಟೆ ಮಾತ್ರ ಎಂದರೆ ಹೆಚ್ಚೇನೂ ಆಗುವುದಿಲ್ಲ.

ಇನ್ನು ಅವನ ಅಪ್ಪ ಸಿರಿಲ್ ಹಿಂಡಲ್. ಅಬ್ಬಾ, ಎಂಥ ಮನುಷ್ಯ! ಮೂರನೆಯ ಗೇಟು ಕಾಯುತ್ತಿದ್ದ. ಒಬ್ಬೊಬ್ಬರನ್ನೇ ಒಳಗೆ ಬಿಡುವ ಆ ತಿರುಗುಗಂಬಿಯ ಹಿಂದೆ, ಕಟ್ಟಿಗೆಯ ಗೂಡಿನಲ್ಲಿ, ಗಂಟಿಕ್ಕಿದ ಮುಖ ಹೊತ್ತು ಕೂತಿರುತ್ತಿದ್ದ. ಒಮ್ಮೆ ಊರಿನ ಮೇಯರ್ ಕೊರಳಿನಲ್ಲಿ ಪದವಿಯ ಚಿನ್ನದ ಸರದ ಸಮೇತ ಬಂದಾಗ, "ಸರ ಚೆನ್ನಾಗಿದೆ ಸ್ವಾಮಿ, ಟಿಕೆಟ್ ಎಲ್ಲಿ?" ಎಂದು ಕೇಳಿ ವಾಪಸ್ ಕಳಿಸಿದ್ದ. ಅವನು ತೀರಿಕೊಂಡ ಮೇಲೆ ಕ್ಲಬ್ಬಿನವರು ಆ ಗೇಟಿಗೆ ಒಂದು ಹಲಗೆ ಹೊಡೆದರು: "ಸಿರಿಲ್ ಹಿಂಡಲ್ ಗೇಟು. ಮೂವತ್ತೊಂದು ವರ್ಷ. ಯಾರನ್ನೂ ಪುಕ್ಕಟೆ ಬಿಟ್ಟವನಲ್ಲ." ನೆವಿಲ್ ಪ್ರತಿ ಪಂದ್ಯಕ್ಕೂ ಮೊದಲು ಕರವಸ್ತ್ರದಿಂದ ಆ ಹಲಗೆ ಒರೆಸಿಯೇ ಒಳಗೆ ಹೋಗುತ್ತಿದ್ದ. ಬದುಕಿದ್ದಾಗ ಆ ಅಪ್ಪ ಇವನಿಗೆ ಒಂದು ಒಳ್ಳೆಯ ಮಾತು ಆಡಿದ್ದನ್ನು ನಾನಂತೂ ಕೇಳಿಲ್ಲ.

ಮೂರು ವರ್ಷದ ಹಿಂದೆ ಸ್ನಾನದ ಮನೆಯ ಟೈಲ್ಸ್ ಮಾರಿ ದುಡ್ಡು ಮಾಡಿದ ದಕ್ಷಿಣದವನೊಬ್ಬ ಕ್ಲಬ್ಬನ್ನು ಕೊಂಡುಕೊಂಡ. ಅಲ್ಲಿಯವರೆಗೆ ಅರವತ್ತು ದಾಟಿದವರಿಗೆಲ್ಲ ರಿಯಾಯಿತಿ ಇತ್ತು. ಗೇಟಿನವನು ಮುಖ ನೋಡುತ್ತಿದ್ದ, ಬಿಡುತ್ತಿದ್ದ. ಹೊಸ ಧಣಿ ಅದನ್ನು ಅರವತ್ತಾರಕ್ಕೆ ಏರಿಸಿದ. ದೊಡ್ಡವರಿಗೆ ಹದಿನೆಂಟು ಪೌಂಡ್, ಮುದುಕರಿಗೆ ಹತ್ತು. ಅದೂ ಸುಮ್ಮನೆ ಸಿಗುವುದಿಲ್ಲ. ಕ್ಲಬ್ಬಿನ ಕಂಪ್ಯೂಟರಿನಲ್ಲಿ ವಯಸ್ಸು ದಾಖಲಾಗಿರಬೇಕು. ವಯಸ್ಸು ಮೀರಿದ ಮೇಲೆ ನಾವು ಹಿಂದಿರುಗಿಸಿ, ತಗಡಿನ ಪೆಟ್ಟಿಗೆಯಲ್ಲಿ ಕೊಳೆಯುತ್ತಿದ್ದ ನಮ್ಮ ಬಾಲ್ಯದ ಸದಸ್ಯತ್ವದ ಕಾರ್ಡುಗಳನ್ನೆಲ್ಲ ತೆಗೆದು ಅದರೊಳಗೆ ತುಂಬಿಸಿದ್ದರು. ನೆವಿಲ್‌ಗೂ ನನಗೂ ಆಗಷ್ಟೇ ಅರವತ್ತಾರು ತುಂಬಿತ್ತು. "ಸರಿಯಾದ ಹೊತ್ತಿಗೇ ಮುದುಕರಾದ್ವಿ ಕಣೋ" ಎಂದು ನಗುತ್ತ ಆಗಸ್ಟಿನ ಮೊದಲ ಶನಿವಾರ ಸಾಲಿನಲ್ಲಿ ನಿಂತೆವು. ಅವನು ಮುಂದೆ, ನಾನು ಹಿಂದೆ.

ಮೂರನೆಯ ಗೇಟಿನ ಪಕ್ಕದ ಟಿಕೆಟ್ ಕಿಟಕಿಯಲ್ಲಿ ಬೆಥನಿ ಎಂಬ ಹುಡುಗಿ. ಒಳ್ಳೆಯ ಮಗು, ಅವಳ ಅಜ್ಜಿ ನಮ್ಮ ಕಾರ್ಖಾನೆಯವಳೇ.

"ಮಿಸ್ಟರ್ ಹಿಂಡಲ್, ನಿಮಗೆ ಇನ್ನೂ ಅರವತ್ಮೂರು. ರಿಯಾಯಿತಿ ಬರಲ್ವಲ್ಲ" ಎಂದಳು.

"ಅರವತ್ತಾರಮ್ಮ. ಜೂನ್‌ಗೆ ತುಂಬ್ತು."

"ಕಂಪ್ಯೂಟರ್ ಅರವತ್ಮೂರು ಅಂತಿದೆ."

"ನಾನು ಹುಟ್ಟಿದಾಗ ಕಂಪ್ಯೂಟರ್ ಏನು ಸೂಲಗಿತ್ತಿ ಜೊತೆ ಬಂದಿತ್ತಾ?" ಎಂದ ನೆವಿಲ್. ಸಾಲೆಲ್ಲ ನಕ್ಕಿತು.

ಅವಳೂ ನಕ್ಕು ಪೆಟ್ಟಿಗೆಯಿಂದ ಹಳೆಯ ಕಾರ್ಡನ್ನು ಹುಡುಕಿ ತೆಗೆದಳು. "ಏನೂ ತೊಂದ್ರೆ ಇಲ್ಲ. ಬಸ್ ಪಾಸ್ ತೋರ್ಸಿ, ತಿದ್ದಿಬಿಡ್ತೀನಿ. ಕಾರ್ಡಲ್ಲಿ ತಪ್ಪು ಬರೆದಿದೆ ಅಂತ ಈ ಕಾಗದಕ್ಕೆ ಒಂದು ಸಹಿ ಹಾಕಿ, ಅಷ್ಟೇ."

ಅರವತ್ತಾರು ತುಂಬಿದವರಿಗೆ ಸರ್ಕಾರ ಕೊಡುವ ಪುಕ್ಕಟೆ ಬಸ್ ಪಾಸು ಅವನ ಕೈಯಲ್ಲೇ ಇತ್ತು. ಕಾರ್ಡಿನ ಕಡೆ ಬಗ್ಗಿದವನು ಹಾಗೇ ನಿಂತುಬಿಟ್ಟ. ಕಂದುಬಣ್ಣಕ್ಕೆ ತಿರುಗಿದ ರಟ್ಟು, ನೀಲಿ ಶಾಯಿ, ಹುಟ್ಟಿದ ವರ್ಷ, ಕೆಳಗೆ ಗೆರೆ ಎಳೆದ ಸಹಿ. ಆ ಕೈಬರಹ ನನಗೂ ಗೊತ್ತಿತ್ತು.

"ಇದನ್ನ ಬರ್ದಿರೋದು ನಮ್ಮಪ್ಪ" ಎಂದ.

"ಪಾಪ, ಕೈ ತಪ್ಪಿರ್ಬೇಕು."

"ನಮ್ಮಪ್ಪನ ಕೈ ತಪ್ಪಲ್ಲ."

"ಹಾಗಾದ್ರೆ ನಿಮಗೆ ಎಷ್ಟು ವರ್ಷ, ಮಿಸ್ಟರ್ ಹಿಂಡಲ್?"

ನೆವಿಲ್ ತಲೆ ಎತ್ತಿ ಗೇಟಿನ ಮೇಲಿನ ಹಲಗೆ ನೋಡಿದ. ಬಸ್ ಪಾಸನ್ನು ಜೇಬಿಗೆ ಇಳಿಸಿದ. "ಅರವತ್ಮೂರು" ಎಂದು ಹದಿನೆಂಟು ಪೌಂಡ್ ಎಣಿಸಿ ಕೊಟ್ಟ.

"ಮುಖ ನೋಡಿದ್ರೆ ಎಂಬತ್ತು ಅಂತಾರಲ್ಲೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅವನು ತಿರುಗಿ ನೋಡದೆ ಒಳಗೆ ಹೋದ.

ನನ್ನ ಸರದಿ ಬಂತು. ಕಂಪ್ಯೂಟರಿನಲ್ಲಿ ನನಗೂ ಅರವತ್ತಮೂರು. ನಾನು ಬಸ್ ಪಾಸ್ ತೋರಿಸಿದೆ, ತಪ್ಪು ಬರೆದಿದೆ ಎಂದು ಸಹಿ ಹಾಕಿದೆ, ಹತ್ತು ಪೌಂಡ್ ಕೊಟ್ಟೆ. ಅರ್ಧ ನಿಮಿಷದ ಕೆಲಸ. ನೆನಪಿಗೆ ಇರಲಿ ಎಂದು ಬೆಥನಿ ನನ್ನ ಹಳೆಯ ಕಾರ್ಡನ್ನು ನನಗೇ ಕೊಟ್ಟಳು. ನೆವಿಲ್ ಅದನ್ನು ನೋಡಲಿಲ್ಲ.

ವಿಷಯ ಹೀಗೆ. ನಾವು ಹತ್ತು ವರ್ಷದವರಿದ್ದಾಗ ಊರಿನ ಬಟ್ಟೆ ಗಿರಣಿ ವಾರಕ್ಕೆ ಮೂರೇ ದಿನ ನಡೆಯುತ್ತಿತ್ತು. ಆ ವರ್ಷ ಕ್ಲಬ್ಬಿನವರು ಹುಡುಗರಿಗೆ ಕಾರ್ಡು ಮಾಡಿದರು. ಹದಿನಾಲ್ಕು ತುಂಬುವವರೆಗೆ ಕಾಲು ದರ. ಬರೆಯಲು ಕೂತವನು ಸಿರಿಲ್ ಹಿಂಡಲ್. ನನ್ನಪ್ಪ ನನ್ನನ್ನು ಅವನ ಮೇಜಿನ ಮುಂದೆ ನಿಲ್ಲಿಸಿದ. "ವಯಸ್ಸು?" ಎಂದ ಸಿರಿಲ್. "ಹತ್ತು ಸರ್" ಎಂದೆ. ಅವನು ನನ್ನಪ್ಪನ ಬಾಯಿಬಿಟ್ಟ ಬೂಟುಗಳನ್ನೇ ಒಂದು ಗಳಿಗೆ ನೋಡಿ, ಏಳು ವರ್ಷ ಆಗುವ ಹಾಗೆ ಇಸವಿ ಬರೆದ. ಆಮೇಲೆ ನನ್ನ ಕಿವಿ ಹಿಡಿದು ಹತ್ತಿರಕ್ಕೆ ಎಳೆದು, "ಹದಿನೇಳರ ತನಕ ನೀನು ಚಿಕ್ಕ ಹುಡುಗ, ತಿಳೀತಾ? ನಮ್ಮ ನೆವಿಲ್ ಕಿವಿಗೆ ಬಿದ್ರೆ ಚರ್ಮ ಸುಲಿದುಬಿಡ್ತೀನಿ. ಅವನ ಹೊಟ್ಟೇಲಿ ಒಂದು ಸುಳ್ಳು ನಿಲ್ಲಲ್ಲ" ಎಂದ.

ನಮ್ಮ ಬೀದಿಯ, ಹಿಂದಿನ ಬೀದಿಯ ಮೂವತ್ತಕ್ಕೂ ಹೆಚ್ಚು ಹುಡುಗರಿಗೆ ಹಾಗೇ ಬರೆದ. ಮೀಸೆ ಬಂದ ಮೇಲೂ ಮೂರನೆಯ ಗೇಟಿನಲ್ಲಿ ನಾವು ಚಿಕ್ಕ ಮಕ್ಕಳು. "ನಡಿಯೋ ಪುಟ್ಟಾ ಮುಂದೆ!" ಎಂದು ಗದರಿಸಿ ಕಾಲು ದರ ಇಸಿದುಕೊಂಡು ತಳ್ಳುತ್ತಿದ್ದ. ನೆವಿಲ್‌ನ ಕಾರ್ಡು ಗೂಡಿನಲ್ಲಿ ಅಪ್ಪನ ಹತ್ತಿರವೇ ಇರುತ್ತಿತ್ತು. ಅವನು ಅದನ್ನು ಕಣ್ಣಾರೆ ಕಂಡದ್ದು ಅರವತ್ತಾರನೆಯ ವಯಸ್ಸಿನಲ್ಲೇ. ಊರಿಗೆಲ್ಲ ಗೊತ್ತಿತ್ತು, ಮಗನೊಬ್ಬನಿಗೆ ಗೊತ್ತಿರಲಿಲ್ಲ. ನಮ್ಮ ಕಡೆಯವರು ಇನ್ನೊಬ್ಬರ ಅಪ್ಪನ ವಿಷಯವನ್ನು ಅವರ ಎದುರಿಗೆ ಎತ್ತುವುದಿಲ್ಲ. ಅದನ್ನೇ ಮರ್ಯಾದೆ ಎಂದುಕೊಂಡಿದ್ದೇವೆ, ದರಿದ್ರದವರು.

ಮೊದಲ ವರ್ಷ ನೆವಿಲ್ ಒಂದು ಪಂದ್ಯವನ್ನೂ ಬಿಡದೆ ಹದಿನೆಂಟು ಕೊಟ್ಟ. ಪೈ ನಿಂತುಹೋಯಿತು. "ಹಸಿವಿಲ್ಲ ಕಣೋ" ಎನ್ನುತ್ತಿದ್ದ. ಅವನ ಮನೆಯಲ್ಲಿ ಮೊದಲು ದುಡ್ಡು ಹಾಕಿದರೆ ಮಾತ್ರ ಉರಿಯುವ ಗ್ಯಾಸ್ ಮೀಟರು. ಜನವರಿಯಲ್ಲಿ ಹೋದರೆ ಕೋಟು ಹಾಕಿಕೊಂಡೇ ಕೂತಿರುತ್ತಿದ್ದ. ಎರಡನೆಯ ವರ್ಷ ಪಂದ್ಯ ಬಿಟ್ಟು ಪಂದ್ಯ ಬರತೊಡಗಿದ. ಒಂದು ದಿನ ನಾನು ರೇಗಿಯೇಬಿಟ್ಟೆ.

"ಆ ದರಿದ್ರ ಬಸ್ ಪಾಸ್ ತೋರ್ಸೋ ಮಾರಾಯ! ಮಿಕ್ಕಿದ್ದು ನಿನಗ್ಯಾಕೆ?"

"ನಿನಗೆ ಅರ್ಥ ಆಗಲ್ಲ ಕ್ಲಿಫ್."

"ಹೋಗ್ಲಿ, ಎಂಟು ಪೌಂಡ್ ನಾನು ಹಾಕ್ತೀನಿ."

ಒಂದು ವಾರ ಅವನು ನನ್ನ ಜೊತೆ ಮಾತು ಬಿಟ್ಟ.

ಆಮೇಲೆ ಕಾಲುವೆಯ ಸೇತುವೆ ಹಿಡಿದ. ಅಲ್ಲಿಂದ ಮೈದಾನದ ಒಂದು ಮೂಲೆಯ ಬಾವುಟ, ಗೋಲಿನ ಬಲೆಯ ಮೇಲುಭಾಗ, ಅಷ್ಟೇ ಕಾಣುವುದು. ಉಳಿದದ್ದು ಕೂಗು ಕೇಳಿ ಊಹಿಸಿಕೊಳ್ಳಬೇಕು. "ಪರವಾಗಿಲ್ಲ, ಗಾಳಿ ಚೆನ್ನಾಗಿದೆ" ಎನ್ನುತ್ತಿದ್ದ, ಕೆಮ್ಮುತ್ತ. ಒಳಗೆ ಅವನ ಕಂಬಿಯ ಜಾಗಕ್ಕೆ ಯಾರೋ ಗಂಡ ಹೆಂಡತಿ ಬಂದು ಚಿಪ್ಸ್ ತಿನ್ನತೊಡಗಿದರು. ನಾನು ಫ್ಲಾಸ್ಕಿನ ಮುಚ್ಚಳದಲ್ಲಿ ಒಬ್ಬನೇ ಚಹಾ ಕುಡಿದೆ. ಗೆದ್ದರೂ ಸೋತರೂ ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಅವನಿಗಿದ್ದದ್ದು ಒಂದೇ ಆಸೆ. ಕಾರ್ಡಿನ ಪ್ರಕಾರವೂ ಒಂದು ದಿನ ಅರವತ್ತಾರು ಆಗಲೇಬೇಕಲ್ಲ! "ಇನ್ನೊಂದು ವರ್ಷ", "ಇನ್ನು ಮೂರು ತಿಂಗಳು" ಎಂದು ದಿನ ಎಣಿಸುತ್ತಿದ್ದ. ಕಳೆದ ಜೂನಿನಲ್ಲಿ ಆಯಿತು ಕೂಡ. ನಿಜವಾಗಿ ಅರವತ್ತೊಂಬತ್ತಾಗಿದ್ದ ಮುದುಕ ಹುಟ್ಟುಹಬ್ಬಕ್ಕೆ ಹೊಸ ಮಫ್ಲರ್ ಕೊಂಡ, ಕ್ಲಬ್ಬಿನ ಬಣ್ಣದ್ದು. ಜುಲೈಯಲ್ಲಿ ಎಲ್ಲರಿಗೂ ಕ್ಲಬ್ಬಿನ ಕಾಗದ ಬಂತು: ಇನ್ನು ಮುಂದೆ ರಿಯಾಯಿತಿ ಎಪ್ಪತ್ತು ತುಂಬಿದವರಿಗೆ. ಟಿಕೆಟ್ ಇಪ್ಪತ್ತೆರಡು ಪೌಂಡ್.

ಅವನ ಜೊತೆ ನಾನೂ ಟಿಕೆಟ್ ಕಿಟಕಿಗೆ ಹೋದೆ. ನೆವಿಲ್ ದರದ ವಿಷಯ ಎತ್ತಲೇ ಇಲ್ಲ. ಮೂರನೆಯ ಗೇಟಿನ ಮೇಲೆ ಹಲಗೆ ಇರಲಿಲ್ಲ. ಯಾವುದೋ ಜೂಜಿನ ಕಂಪನಿಯ ಹೆಸರು ಥಳಥಳ ಹೊಳೆಯುತ್ತಿತ್ತು.

"ಹಲಗೆ ಎಲ್ಲಮ್ಮ?" ಎಂದು ಕೇಳಿದ.

ಬೆಥನಿಯ ಕಣ್ಣಲ್ಲಿ ನೀರು. "ಕಸದ ಗಾಡಿಗೆ ಹಾಕಿಬಿಟ್ರು, ಮಿಸ್ಟರ್ ಹಿಂಡಲ್. ನಾನು ಬರೋ ಹೊತ್ತಿಗೆ ಹೊರಟುಹೋಗಿತ್ತು."

"ಇರ್ಲಿ ಬಿಡು, ಅಳ್ಬೇಡ" ಎಂದ. ನನ್ನ ಕಡೆ ತಿರುಗಿ, "ಎಪ್ಪತ್ತಾ? ಇನ್ನು ನಾಲ್ಕು ವರ್ಷ" ಎಂದು ನಗಲು ಹೋಗಿ ಕೆಮ್ಮಿದ. ಆ ಕೆಮ್ಮಿಗೆ ನಾಲ್ಕು ವರ್ಷ ಎಲ್ಲಿ ಉಳಿದಿತ್ತು! ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗಸ್ಟಿನ ಮೊದಲ ಪಂದ್ಯಕ್ಕೆ ನಾನು ಒಳಗೆ ಹೋಗಲಿಲ್ಲ. ಫ್ಲಾಸ್ಕು ಹಿಡಿದು ನೆಟ್ಟಗೆ ಸೇತುವೆಗೆ ಹೋದೆ.

"ನೀನ್ಯಾಕೋ ಬಂದೆ ಇಲ್ಲಿಗೆ?" ಎಂದ ನೆವಿಲ್.

"ಇಪ್ಪತ್ತೆರಡು ಪೌಂಡ್ ಕೊಟ್ಟು ಅವರ ಆಟ ನೋಡೋಕೆ ನನಗೇನು ತಲೆ ಕೆಟ್ಟಿದ್ಯಾ?"

ಜೇಬಿನಲ್ಲಿ ನನ್ನ ಕಾರ್ಡು ಇತ್ತು. ಅವತ್ತು ತೋರಿಸಿಯೇ ಬಿಡುವುದೆಂದು ಹೊರಟಿದ್ದೆ. ಹಲಗೆಯೇ ಹೋದ ಮೇಲೆ ಕಾಪಾಡಲು ಇನ್ನೇನಿದೆ? ನಿಮ್ಮಪ್ಪ ಬರೆದದ್ದು ನಿನಗೊಬ್ಬನಿಗೇ ಅಲ್ಲ, ಬೀದಿಗೆಲ್ಲ ಬರೆದಿದ್ದಾರೆ, ಊರಿಗೇ ಗೊತ್ತು, ನೀನು ಸುಮ್ಮನೆ ಮೂರು ವರ್ಷ ಹಾಳು ಮಾಡಿಕೊಂಡೆ ಎಂದು ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಶುರು ಮಾಡಿದ.

"ಒಂದು ಮಾತು ಹೇಳ್ತೀನಿ, ನಗ್ಬೇಡ ಕ್ಲಿಫ್. ನಮ್ಮಪ್ಪ ಒಂದು ಸಲಾನೂ ನನ್ನ ಹೆಗಲ ಮೇಲೆ ಕೈ ಇಟ್ಟೋರಲ್ಲ. ನನ್ನ ಕಂಡ್ರೆ ಆಗಲ್ಲ ಅಂತಲೇ ಅಂದ್ಕೊಂಡಿದ್ದೆ. ಅವತ್ತು ಆ ಕಾರ್ಡ್ ನೋಡಿದ್ನಲ್ಲ... ಮೇಯರನ್ನೇ ವಾಪಸ್ ಕಳಿಸಿದ ಮನುಷ್ಯ ಕಣೋ. ಜನ್ಮದಲ್ಲಿ ಒಂದೇ ಒಂದು ಸುಳ್ಳು ಬರೆದ್ರು, ಅದೂ ನನಗೋಸ್ಕರ. ಅದನ್ನ ತಪ್ಪು ಅಂತ ನಾನು ಹೆಂಗೋ ಸಹಿ ಹಾಕ್ಲಿ?"

ಜೇಬಿನೊಳಗೆ ಕಾರ್ಡು ಮುಷ್ಟಿಯಲ್ಲಿ ಮುದುಡಿತು.

"ನಿನಗೆಷ್ಟು ಬರೆದಿದ್ರು?" ಎಂದು ಕೇಳಿದ, ಚಿಕ್ಕ ಹುಡುಗ ಕೇಳಿದ ಹಾಗೆ.

"ನನಗಾ? ಇದ್ದದ್ದು ಇದ್ದ ಹಾಗೆ ಬರೆದ್ರು. ನನ್ನಪ್ಪ ಎಷ್ಟು ಗೋಗರೆದ್ರೂ ಒಂದು ದಿನಾನೂ ಕಡಿಮೆ ಮಾಡ್ಲಿಲ್ಲ ನಿಮ್ಮಪ್ಪ."

ಅವನ ಮುಖ ಅರಳಿತು. ಎಷ್ಟೋ ಕಾಲದ ಮೇಲೆ ಅವನು ಹಾಗೆ ನಕ್ಕದ್ದು. ಮೈದಾನದಿಂದ ದೊಡ್ಡ ಕೂಗು ಎದ್ದಿತು; ಗೋಲು ಯಾರದೆಂದು ನಮಗೆ ತಿಳಿಯಲಿಲ್ಲ. ಇಬ್ಬರೂ ಚಹಾ ಕುಡಿದೆವು.

ನವೆಂಬರಿನಲ್ಲಿ ನೆವಿಲ್ ಹೋದ. ಅವನ ಕಡೆಯವರು ಯಾರೂ ಇರಲಿಲ್ಲವಾದ್ದರಿಂದ ಅಂತ್ಯಸಂಸ್ಕಾರ ನಡೆಸುವವನ ಅಂಗಡಿಗೆ ನಾನೇ ಹೋಗಿ ಕೂತೆ. ಶವಪೆಟ್ಟಿಗೆಯ ಮೇಲಿನ ಹಿತ್ತಾಳೆ ತಗಡಿನಲ್ಲಿ ಹೆಸರು, ವಯಸ್ಸು ಕೊರೆಯಬೇಕಲ್ಲ. ಅಂಗಡಿಯವನು ಆಸ್ಪತ್ರೆಯ ಕಾಗದ ನೋಡಿ, "ಅರವತ್ತೊಂಬತ್ತು, ಅಲ್ವಾ ಸರ್?" ಎಂದ.

"ಅರವತ್ತಾರು" ಎಂದೆ.

"ಕಾಗದದಲ್ಲಿ ಅರವತ್ತೊಂಬತ್ತು ಅಂತಿದೆ ಸರ್."

"ಅವರಪ್ಪ ಬರೆದಿರೋ ಪ್ರಕಾರ ಅರವತ್ತಾರಪ್ಪ. ಹಾಗೇ ಕೊರಿ."