ಹಗೇವಿನ ಮೇಲಿನ ಪಟ

ನಮ್ಮ ತಾಲ್ಲೂಕಿನ ಜನ ‘ದೊಡ್ಡವರು’ ಎಂದು ಕರೆಯುತ್ತಿದ್ದ ಮುಂದಾಳು ತೀರಿಕೊಂಡ ಮೇಲೆ, ಅವರ ಹೆಸರು ಹೇಳಿಕೊಂಡು ಮಾತಾಡುವವರು ಹೆಚ್ಚಾದರು. ಬದುಕಿದ್ದಾಗ ಅವರ ಮಾತಿಗೆ ಕಿವಿಗೊಡದವರೂ ‘ದೊಡ್ಡವರು ನನಗೇ ಹೇಳಿಹೋಗಿದ್ದಾರೆ’ ಎಂದು ಶುರುಮಾಡಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಮದುವೆಯಾಗಿ ಸೂಲಿಬೆಲೆ ಪಕ್ಕದ ಊರಿಗೆ ಬಂದ ಹೊಸದರಲ್ಲಿ ಯುದ್ಧ ನಡೆಯುತ್ತಿತ್ತು. ಸರ್ಕಾರದವರು ಲೆವಿ ಎಂದು ಮನೆಮನೆಯ ರಾಗಿ ಅಳೆಸಿಕೊಂಡು ಹೋಗುತ್ತಿದ್ದರು. ಅದೂ ಸಾಲದೆಂದು ಒಮ್ಮೆ ನಮ್ಮ ಅಂಗಳದ ಹಗೇವನ್ನೇ ತೆಗೆಸಲು ಬಂದರು. ನೆಲದೊಳಗಿನ ಆ ಗುಂಡಿಯಲ್ಲಿ ನಮ್ಮ ವರ್ಷದ ಊಟವೂ ಇತ್ತು, ಬಿತ್ತನೆಯ ರಾಗಿಯೂ ಇತ್ತು. ದೊಡ್ಡವರು ಬಂದು ಹಗೇವಿನ ಬಾಯಿ ಮುಚ್ಚಿದ್ದ ಚಪ್ಪಡಿಗೆ ಅಡ್ಡ ನಿಂತು, ಉಣ್ಣುವ ರಾಗಿಗೆ ಕೈ ಹಾಕಬೇಡಿ ಎಂದರು. ಅದಕ್ಕೇ ಅವರನ್ನು ಹಿಡಿದುಕೊಂಡು ಹೋದರು. ಜೈಲಿನಿಂದ ಬಂದವರು ಬಹಳ ದಿನ ಬದುಕಲಿಲ್ಲ.

ಸ್ವಾತಂತ್ರ್ಯ ಬಂತು. ದೊಡ್ಡವರ ಹಿಂದೆ ಹಿಂದೆಯೇ ಓಡಾಡಿಕೊಂಡಿದ್ದ ಶಿಷ್ಯರೊಬ್ಬರು ಅಧಿಕಾರಕ್ಕೆ ಬಂದರು. ಲೆವಿ ಮಾತ್ರ ಹೋಗಲಿಲ್ಲ. ನಮ್ಮ ಪಾಲನ್ನು ಅಳೆದು ಕೊಟ್ಟ ಮೇಲೂ ಒಂದು ಬೆಳಿಗ್ಗೆ ಆ ಶಿಷ್ಯರ ಮೆರವಣಿಗೆ ನಮ್ಮ ಬಾಗಿಲಿಗೆ ಬಂತು. ಎತ್ತಿನ ಗಾಡಿಯಲ್ಲಿ ದೊಡ್ಡವರ ಪಟ, ಅದಕ್ಕೆ ಚೆಂಡುಹೂವಿನ ಹಾರ, ಸುತ್ತ ಭಜನೆಯವರು. ಹಿಂದೆ ಹಾರೆ ಹಿಡಿದ ಆಳುಗಳು, ಖಾಲಿ ಚೀಲ ತುಂಬಿದ ಇನ್ನೊಂದು ಗಾಡಿ.

“ದೊಡ್ಡವರ ಆಸೆ ಇದು, ಅವ್ವಾ. ಹಗೇವು ತೆಗೆದು ದೇಶಕ್ಕೆ ಕೊಡ್ಬೇಕು ಅಂತಿದ್ರು,” ಎಂದರು ಶಿಷ್ಯರು ನಮ್ಮತ್ತೆಗೆ.

ಹಗೇವು ಉಳಿಸಲು ಹೋಗಿ ಸತ್ತವರ ಬಾಯಲ್ಲಿ ಇಂಥ ಮಾತು ತುರುಕುತ್ತಿದ್ದರು. ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಪೊರಕೆ ಎಸೆಯಬೇಕೆನಿಸಿತು. ಅತ್ತೆ ನನ್ನಂಥವರಲ್ಲ. ಸೆರಗು ಸರಿಮಾಡಿಕೊಂಡು ಆರತಿ ತಂದು ಪಟಕ್ಕೆ ಬೆಳಗಿದರು.

“ಬಾಗ್ಲಿಗೆ ಬಂದೋರ್ನ ನಿಲ್ಲಿಸ್ಕೊಂಡು ಮಾತಾಡ್ತಾರಾ? ಕೂತ್ಕೊಳ್ಳಲಿ,” ಎಂದು ಪಟವನ್ನು ತಾವೇ ಎತ್ತಿಕೊಂಡು ಬಂದು, ಹಗೇವಿನ ಚಪ್ಪಡಿಯ ಮೇಲೆ ಮಣೆ ಹಾಕಿಸಿ ಕೂರಿಸಿದರು.

“ರಾಗಿ ಇದರ ಕೆಳಗೈತೆ, ತಗೊಳ್ಳಪ್ಪಾ. ಅವರನ್ನ ನೀನೇ ಎಬ್ಬಿಸು.”

ಭಜನೆ ನಿಂತಿತು. ಪಟ ತೆಗೆಯಿರಿ ಎಂದು ಶಿಷ್ಯರು ಹೇಳಿದರೆ ಆಳುಗಳಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಬೀದಿಯವರೆಲ್ಲ ಸೇರಿ ನೋಡುತ್ತಿದ್ದರು. ಶಿಷ್ಯರು ನಾಚಿಕೆಯಾಗಿ ಹೊರಟುಹೋಗುತ್ತಾರೆ ಎಂದುಕೊಂಡೆ. ಎಲ್ಲಿಯ ನಾಚಿಕೆ. ಚಪ್ಪಲಿ ಬಿಟ್ಟರು, ಭಕ್ತಿಯಿಂದ ಕೈಮುಗಿದರು, ಪಟ ಎತ್ತಿ ಕಣ್ಣಿಗೊತ್ತಿಕೊಂಡು ಗೋಡೆಗೆ ಒರಗಿಸಿದರು. “ಹೂಂ, ತೆಗೀರೋ,” ಎಂದರು.

ಅತ್ತೆ ಹೋಗಿ ಖಾಲಿ ಮಣೆಯ ಮೇಲೆ ಕುಳಿತರು.

“ಸತ್ತೋರ್ನ ಎತ್ತಿ ಮಡಗಿದೆ. ನಾನಿನ್ನೂ ಬದ್ಕಿವ್ನಿ. ಎತ್ತು, ನೋಡ್ತೀನಿ.”

ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಎದುರು ಮನೆಯವಳು ಮಗುವನ್ನು ಎತ್ತಿಕೊಂಡೇ ಬಂದಳು. ನೋಡನೋಡುತ್ತಲೇ ಚಪ್ಪಡಿ ಕಾಣದಷ್ಟು ಹೆಂಗಸರಾದರು. ನಮ್ಮ ಮೈಮುಟ್ಟಿ ಎಬ್ಬಿಸುವ ಧೈರ್ಯ ಅಲ್ಲಿದ್ದ ಗಂಡಸರಿಗೆ ಯಾರಿಗೂ ಬರಲಿಲ್ಲ. ನನಗೆ ಭಯವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಏಳುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

ಬಿಸಿಲೇರಿದ ಮೇಲೆ ಶಿಷ್ಯರು ಗಾಡಿ ತಿರುಗಿಸಲು ಹೇಳಿ, ಪಟ ತೆಗೆದುಕೊಳ್ಳಲು ಗೋಡೆಯ ಕಡೆ ಬಂದರು.

“ಅದನ್ನ ಮುಟ್ಬೇಡ,” ಎಂದರು ಅತ್ತೆ, ಕುಳಿತಲ್ಲಿಂದಲೇ. “ಇನ್ನೊಬ್ಬರ ಮನೆ ಹಗೇವು ತೆಗ್ಸಕ್ಕೆ ಅವರನ್ನ ಕರ್ಕೊಂಡು ಹೋಗ್ಬೇಡ.”

ಶಿಷ್ಯರು ಸುತ್ತ ನೆರೆದಿದ್ದವರ ಮುಖ ನೋಡಿದರು. ಪಟವನ್ನು ಅಲ್ಲೇ ಬಿಟ್ಟು ಹೋದರು.