ಸಾಗವಾನಿಯ ಕಾಲು

ಕೆಳಗಿನ ಮನೆಯ ಕಾಕಾ ಕುಳಿತಲ್ಲಿಂದ ಏಳುವಾಗ ಅವರ ಎರಡು ಮೊಣಕಾಲುಗಳು ಎರಡು ಬೇರೆ ಸದ್ದು ಮಾಡುತ್ತಿದ್ದವು. ಎಡಗಾಲಿನದು ಶೇಂಗಾ ಸುಲಿದ ಹಾಗೆ, ಬಲಗಾಲಿನದು ಹಳೆಯ ಟ್ರಂಕಿನ ಮುಚ್ಚಳ ಎತ್ತಿದ ಹಾಗೆ. ಮೊದಲು ಶೇಂಗಾ, ಆಮೇಲೆ ಟ್ರಂಕು, ಕೊನೆಗೆ ಮೂಗಿನಿಂದ ಒಂದು ಉದ್ದನೆಯ ‘ಹ್ಞೂಂ’. ಈ ಮೂರನ್ನೂ ನಾನು ಬಾಯಲ್ಲೇ ತೆಗೆಯುತ್ತಿದ್ದೆ. ಒಮ್ಮೆ ಅವರ ಹಾಲ್‌ನಲ್ಲಿ ಕುಳಿತು ತೆಗೆದಾಗ ಅಡುಗೆಮನೆಯಿಂದ ಕಾಕು, ಅಂದರೆ ಅವರ ಹೆಂಡತಿ, “ಎದ್ರೇನ್ರಿ? ಹಾಂಗೇ ಗ್ಯಾಸಿನ ಟಾಕಿ ಬದಲ್ ಮಾಡಿಬಿಡ್ರಿ” ಎಂದರು. ಕಾಕಾ ಆಗ ಬಚ್ಚಲಲ್ಲಿದ್ದರು. ಸಿಲಿಂಡರನ್ನು ನಾನೇ ಬದಲಿಸಬೇಕಾಯಿತು.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಅವರು ಬೀದರ್ ಕಡೆಯವರು, ನಾವು ಕಲಬುರಗಿ ಕಡೆಯವರು. ನಾಸಿಕದ ಲಿಫ್ಟಿಲ್ಲದ ಕಟ್ಟಡದಲ್ಲಿ ಒಬ್ಬರ ತಲೆಯ ಮೇಲೆ ಒಬ್ಬರು ಮನೆ ಮಾಡಿದರೆ ಅಣ್ಣತಮ್ಮಂದಿರಾಗಲು ಇಷ್ಟು ಸಾಕು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯ ಟೂಲ್ ರೂಮಿನಲ್ಲಿ ಅವರು ಜಿಗ್ ಮಾಡುತ್ತಿದ್ದರು. ಜಿಗ್ ಎಂದರೆ ಎಷ್ಟು ತಗಡು ಬಂದರೂ ತೂತು ಒಂದೇ ಜಾಗದಲ್ಲಿ ಬೀಳುವಂತೆ ಕೈಯನ್ನು ಹಿಡಿದು ನಡೆಸುವ ಅಚ್ಚು. ನಿವೃತ್ತರಾದಾಗ ಕಾರ್ಖಾನೆ ಬಿಟ್ಟರು, ಜಿಗ್ ಬಿಡಲಿಲ್ಲ. ಶಂಕರಪಾಳಿ ಒಂದೇ ಅಳತೆಗೆ ಕತ್ತರಿಸಲು ಒಂದು ಜಿಗ್, ತೆಂಗಿನಕಾಯಿ ಸರಿಯಾಗಿ ಅರ್ಧಕ್ಕೆ ಒಡೆಯಲು ಒಂದು, ಕಾಕು ಬತ್ತಿ ಹೊಸೆಯಲು ಒಂದು. “ಎರಡನೇ ಸಲಾನೂ ಬರೀ ಕೈಲೆ ಮಾಡಾಂವ ಕತ್ತಿ” ಎನ್ನುವುದು ಅವರ ಮಾತು. ಕತ್ತಿ ಎಂದರೆ ಕತ್ತೆ; ಸಾಮಾನ್ಯವಾಗಿ ಹೀಗೆ ಹೇಳುವಾಗ ನನ್ನ ಕಡೆ ನೋಡುತ್ತಿದ್ದರು.

ನನ್ನ ಕನ್ನಡವೂ ಅವರದೇ. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ನಾನು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ. ಕಾಕಾನ ನಕಲು ಮಾಡುವ ಚಟ ಹತ್ತಿದ ಮೇಲೆ ಬಾಯಿಗೆ ಕನ್ನಡ ಬಂತು. ಹಾಗಾಗಿ ಕಲಬುರಗಿಯ ಮದುವೆಮನೆಗಳಲ್ಲಿ ನಾನು ಬಾಯಿ ತೆರೆದರೆ, ಹುಡುಗನ ಒಳಗೆ ಯಾವುದೋ ಮುದುಕ ಕುಳಿತಿದ್ದಾನೆ ಎಂದು ಹೆಂಗಸರು ನಗುತ್ತಿದ್ದರು. ಅಕ್ಷರ ಕಲಿಸುವಾಗಲೂ ಕಾಕಾ ಅಲ್ಯೂಮಿನಿಯಂ ತಗಡಿನಲ್ಲಿ ಅ, ಆ, ಇ ಕೊರೆದು ಅದರೊಳಗೆ ಪೆನ್ಸಿಲ್ ಆಡಿಸಲು ಹೇಳಿದರು. ನನ್ನ ಕೈಬರಹ ಇಂದಿಗೂ ಕಾರ್ಖಾನೆಯಿಂದ ಬಂದ ಹಾಗಿದೆ.

ಈಗ ಹೊಟ್ಟೆಯ ವಿಷಯ. ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಕುಳಿತ ದಿನಗಳಲ್ಲಿ ನಾನು ಎಷ್ಟು ಉಬ್ಬಿದ್ದೆನೆಂದರೆ ಕಾಕಾ ನನ್ನನ್ನು ‘ಪೈಲ್ವಾನ್’ ಎಂದು ಕರೆಯುತ್ತಿದ್ದರು. ಜಿಮ್ಮಿಗೆ ಹೋಗಲು ನಾಚಿಕೆ. ಗೆಳೆಯನೊಬ್ಬ ತನಗೆ ಬೇಡವಾದ ವಿಡಿಯೊ ಗೇಮಿನ ಪೆಟ್ಟಿಗೆಯನ್ನು ನನಗೆ ದಾಟಿಸಿದ. ಅದು ಕುಳಿತು ಆಡುವ ಆಟವಲ್ಲ. ತೊಡೆಗೆ ಒಂದು ಪಟ್ಟಿ ಬಿಗಿದು, ಅದರಲ್ಲಿ ಬೆರಳುದ್ದದ ಯಂತ್ರ ಸಿಕ್ಕಿಸಿ, ನಿಂತಲ್ಲೇ ಓಡಬೇಕು. ಆಗ ಟಿವಿಯೊಳಗಿನ ಆಳು ಕಾಡು, ಸೇತುವೆ, ಗುಡ್ಡ ದಾಟಿ ಓಡುತ್ತಾನೆ. ನಾವು ನಿಂತರೆ ಅವನೂ ನಿಂತು ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನು ನೋಡುತ್ತಾನೆ.

ನಾನು ಓಡಿದ ಮೊದಲ ದಿನವೇ ಕಾಕಾ ಮೇಲೆ ಬಂದರು.

“ಏನೋ ಪೈಲ್ವಾನ್, ಮನ್ಯಾಗ ಎಮ್ಮಿ ಕಟ್ಟೀರೇನು? ನಮ್ಮ ಫ್ಯಾನ್ ತೂಗ್ಯಾಡ್ಲಾಕತ್ತದ.”

“ಆಟ ಆಡ್ಲಾಕತ್ತೀನ್ರಿ ಕಾಕಾ.”

“ನನ್ನ ತಲಿ ಮ್ಯಾಲ ಆಡಬ್ಯಾಡ. ನಮ್ಮ ಕೆಳಗಿನ ಮನಿ ಖಾಲಿ ಅದ. ನಮ್ಮ ಹಾಲಿನಾಗ ಬಂದು ಕುಣಿ.”

ಪೆಟ್ಟಿಗೆ ಕೆಳಗಿಳಿಯಿತು. ಎರಡು ದಿನ ಜೋಕಾಲಿಯಲ್ಲಿ ಕುಳಿತು ನನ್ನನ್ನು ನೋಡಿ ನಕ್ಕ ಕಾಕಾ ಮೂರನೆಯ ದಿನ ತಾವೇ ಪಟ್ಟಿ ಬಿಗಿದುಕೊಂಡರು. ಅವರಿಗೂ ಕಾರಣವಿತ್ತು. ಎದೆಯ ಡಾಕ್ಟರು, ದಿನಾ ಮೈ ಬೆವರುವಷ್ಟು ನಡೆಯಿರಿ, ಆಗುವುದಿಲ್ಲ ಎನಿಸಿದರೆ ಕೂಡಲೇ ಬಂದು ತೋರಿಸಿ ಎಂದಿದ್ದರು. ಆದರೆ ಜಾಗಿಂಗ್ ಟ್ರ್ಯಾಕಿನ ತುಂಬಾ ಕಾರ್ಖಾನೆಯ ನಿವೃತ್ತರು. “ನನ್ನ ಕೈಕೆಳಗ ಇದ್ದಾವ್ರು ನನ್ನ ಹಿಂದ ಹಾಕಿ ಹೋಗಬೇಕು, ನಾ ಅವರಿಗಿ ನಮಸ್ಕಾರ ಅನಬೇಕು, ಅಲ್ಲಾ?” ಹೀಗೆ ಬಯಲಲ್ಲಿ ಓಡಲು ನಾಚುವ ಇಬ್ಬರು ಒಂದೇ ಹಾಲ್‌ನಲ್ಲಿ ಸೇರಿದೆವು. ವಾರದಲ್ಲಿ ಯಾರು ಕಡಿಮೆ ಓಡಿದರೋ ಅವರ ನಕಲನ್ನು ಗೆದ್ದವರು ಕಾಕು ಮುಂದೆ ಮಾಡಬೇಕು ಎಂದು ಕರಾರಾಯಿತು. ಎಲ್ಲರ ನಕಲು ಮಾಡುತ್ತಿದ್ದ ನನ್ನ ನಕಲನ್ನು ಮೊದಲು ಮಾಡಿದವರು ಅವರೇ. ಬನಿಯನ್ನಿನೊಳಗೆ ದಿಂಬು ತುರುಕಿಕೊಂಡು, ಒಂದು ಬಸ್ಕಿ ಹೊಡೆದು, ಸತ್ತ ಹಾಗೆ ಸೋಫಾಕ್ಕೆ ಬಿದ್ದು ನೀರು ಕೇಳಿದರು. ಕಾಕು ಕಣ್ಣೊರೆಸಿಕೊಂಡು ನಕ್ಕರು. ನನಗೆ ಸಿಟ್ಟು ಬಂದದ್ದು ಅದು ತದ್ರೂಪು ನಾನೇ ಆಗಿದ್ದುದರಿಂದ.

ಆಮೇಲೆ ನನಗೆ ಛತ್ರಪತಿ ಸಂಭಾಜಿನಗರದಲ್ಲಿ, ಗಾಡಿಯ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಪೆಟ್ಟಿಗೆಯನ್ನು ಕಾಕಾಗೆ ಬಿಟ್ಟು ಹೋದೆ. ಅಲ್ಲಿ ಬಾಡಿಗೆ ಖೋಲಿಯಲ್ಲಿ ಅಂಥದ್ದೇ ಇನ್ನೊಂದನ್ನು ಜೋಡಿಸಿಕೊಂಡೆ. ಯಾರು ಎಷ್ಟು ಓಡಿದರೆಂಬುದು ಇಬ್ಬರ ಪರದೆಯ ಮೇಲೂ ಕಾಣುವಂತೆ ಹೆಸರು ಕೂಡಿಸಿದೆ. ಕೆಲವು ದಿನ ಕಾಕಾ ತಣ್ಣಗಿದ್ದರು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಓಡತೊಡಗಿದರು ನೋಡಿ. ನಾನು ಪಾಳಿ ಮುಗಿಸಿ ಬರುವಷ್ಟರಲ್ಲಿ ಅವರು ಗುಡ್ಡ ದಾಟಿ, ನದಿ ದಾಟಿ, ನಾನು ಕಂಡಿರದ ಊರು ತಲುಪಿರುತ್ತಿದ್ದರು. ಅರವತ್ತು ದಾಟಿದ ಮುದುಕನ ಕೈಯಲ್ಲಿ ಸೋಲುವುದೆಂದರೇನು? ನಾನೂ ಬಿಡಲಿಲ್ಲ. ಜ್ವರ ಬಂದಾಗಲೂ ಓಡಿದೆ. ವಡಾಪಾವ್ ಬಿಟ್ಟೆ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡೆ. ಫೋನಿನಲ್ಲಿ ಕಾಕಾ, “ಏನೋ ಪೈಲ್ವಾನ್, ಎಲ್ಲಿ ಉಳದಿ? ನಾ ಮುಂದ ಚಾ ಕುಡದು ಕುಂತೀನಿ” ಎನ್ನುತ್ತಿದ್ದರು.

ಒಂದು ದಿನ ಕಾಕು ಫೋನ್ ಮಾಡಿದರು. ಮಧ್ಯಾಹ್ನ ಅವರು ಹೊಲಿಗೆ ಕ್ಲಾಸ್ ನಡೆಸಲು ಹೋಗುತ್ತಾರೆ. ಕಾಕಾನ ಓಟ ಅದೇ ವೇಳೆಗೆ. ಹೆಂಗಸರ ಮುಂದೆ ಕುಣಿಯುವುದಿಲ್ಲ ಎಂದು ಕಾಕಾ ಮೊದಲೇ ಹೇಳಿಟ್ಟಿದ್ದರು.

“ಖರೇನೇ ಓಡ್ತಾರೇನೋ ಇವರು?” ಕಾಕು ಕೇಳಿದರು. “ಬನಿಯನ್ನಿಗಿ ಬೆವರಿನ ವಾಸನಿನೇ ಇರಲ್ಲ. ಡಾಕ್ಟರ್ ಕಡಿ ಹೋಗಮಿ ಅಂದ್ರ, ನನ್ನ ರಿಪೋರ್ಟ್ ಟಿವಿದಾಗ ಅದ ಹೋಗು ಅಂತಾರ.”

“ಫ್ಯಾನ್ ಹಚ್ಚಿ ಓಡ್ತಾರ ತೊಗೋರಿ ಕಾಕು. ದಿನಾ ನಾ ನೋಡ್ತೀನಲ್ಲ. ನನಗೇ ದಮ್ ಹತ್ತಿಸ್ಲಾಕತ್ತಾರ. ಕುದುರಿ ಆಗ್ಯಾರ ಕಾಕಾ.”

“ನೀ ಅಂದ್ರ ಆತು ಬಿಡಪ್ಪ. ನಿನ್ನ ಮ್ಯಾಲ ಭರವಸಾ ಅದ.”

ಸಾಲದ್ದಕ್ಕೆ ಕಾಕಾ ಓಡುತ್ತಾ ಏದುಸಿರು ಬಿಡುವ ನಕಲನ್ನೂ ಫೋನಿನಲ್ಲೇ ಮಾಡಿ ತೋರಿಸಿದೆ. ಕಾಕು ನಕ್ಕು ಫೋನಿಟ್ಟರು.

ಮಳೆಗಾಲದ ಒಂದು ಬುಧವಾರ, ಪಾಳಿ ಬದಲಾಗಿ ರಜೆ ಸಿಕ್ಕಿತು. ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಬೆಲ್ಟಿನ ಹೊಸ ತೂತನ್ನು ಮೊದಲು ಕಾಕಾಗೆ ತೋರಿಸಬೇಕಿತ್ತು. ನಮ್ಮ ಮನೆಗೂ ಹೋಗದೆ, ಮುಚ್ಚಿದಂತಿದ್ದ ಅವರ ಬಾಗಿಲನ್ನು ತಳ್ಳಿದೆ.

ಕಾಕಾ ಜೋಕಾಲಿಯಲ್ಲಿ ಕುಳಿತಿದ್ದರು. ತೊಡೆಯ ಮೇಲೆ ಚಿವಡಾದ ತಾಟು. ಟಿವಿಯೊಳಗಿನ ಆಳು ಎದೆಯೊಡೆಯುವ ಹಾಗೆ ಓಡುತ್ತಿದ್ದ. ಟಿವಿಯ ಮುಂದಿನ ಸ್ಟೂಲಿನ ಮೇಲೆ ಒಂದು ಕಾಲು ಓಡುತ್ತಿತ್ತು. ತೊಡೆಯಿಂದ ಮೊಣಕಾಲಿನವರೆಗಿನ ಕಟ್ಟಿಗೆಯ ಕಾಲು. ಪಟ್ಟಿ ಜಾರದಿರಲಿ ಎಂದು ಅದಕ್ಕೆ ಸ್ಪಂಜು ಸುತ್ತಿ, ಮೇಲೆ ಕಾಕಾನ ಪಟ್ಟೆಪಟ್ಟೆ ಪೈಜಾಮದ ಒಂದು ಕಾಲನ್ನು ತೊಡಿಸಿತ್ತು. ಹಿಂದೆ ಕಾಕುವಿನ ಹಳೆಯ ಹೊಲಿಗೆ ಯಂತ್ರದ ಮೋಟಾರು ಗುಂಯ್ ಅನ್ನುತ್ತಿತ್ತು.

“ಬಂದ್ಯಾ?” ಎಂದರು ಕಾಕಾ. “ಬಾಗಲಾ ಹಾಕು.”

“ಇದು ಯಾರ ಕಾಲ್ರಿ?”

“ಸಾಗವಾನಿ.”

ಅವರು ನಾಚಲಿಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿತು. ಎದ್ದು ಬಂದು ಮೋಟಾರಿನ ರೆಗ್ಯುಲೇಟರ್ ತಿರುಗಿಸಿ ತೋರಿಸಿದರು. “ಮೊದಲ ಹಗೂರ, ಆಮ್ಯಾಲ ಜೋರ್, ನಡಕ ಸ್ವಲ್ಪ ದಣಿವು. ಒಂದೇ ಸಮ ಓಡಿದ್ರ ನೀ ಶಾಣ್ಯಾ ಇದಿ, ಹಿಡದುಬಿಡ್ತಿ.”

“ಕಾಕಾ, ನಿಮ್ಮ ಬೆನ್ನ ಹತ್ತಿ ನಾ ಅಲ್ಲಿ ಸಾಯ್ಲಾಕತ್ತೀನಿ.”

“ಸತ್ತಿಲ್ಲಲ್ಲ. ಕನ್ನಡ್ಯಾಗ ಹೊಟ್ಟಿ ನೋಡ್ಕೋ. ನಾ ನಿಂತಿದ್ರ ನೀನೂ ಅವತ್ತೇ ನಿಂತಬಿಡ್ತಿದ್ದಿ. ನಿನ್ನ ಸಲುವಾಗೇ ಮಾಡೀನಿ ಇದನ್ನ.”

“ಮತ್ತ ನೀವ್ಯಾಕ ಓಡಲಿಲ್ಲ?”

ಮೋಟಾರನ್ನು ಆರಿಸಿದರು. ಕಾಲು ಅರ್ಧ ಎತ್ತಿದಲ್ಲೇ ನಿಂತಿತು. ಟಿವಿಯವನೂ ನಿಂತು ಸೊಂಟಕ್ಕೆ ಕೈಯಿಟ್ಟುಕೊಂಡ.

“ಹತ್ತ ಹೆಜ್ಜಿ ಹಾಕಿದ್ರ ಎದಿ ಹಿಡದಂಗ ಆಗ್ತದ. ನೀ ಹೋದಾಗಿಂದ ಹಾಂಗೇ ಅದ.”

“ಡಾಕ್ಟರಿಗಿ ಹೇಳ್ಬೇಕಿಲ್ಲೇನ್ರಿ?”

“ಹೇಳಿದ್ರ ಕೊಯ್ತಾನ. ನಮ್ಮ ಟೂಲ್ ರೂಮಿನಾಂವ ಒಬ್ಬ ನಕ್ಕೋತ ಒಳಗ ಹೋದ. ಬರಲೇ ಇಲ್ಲ.” ತಾಟಿನ ಚಿವಡಾವನ್ನು ಒಂದು ಕಡೆಗೆ ಸರಿಸಿದರು. “ಕಾಕುಗ ಹೇಳಬ್ಯಾಡ. ನೀ ಮನಿ ಮನಶ್ಯಾ ಇದಿ.”

ನನಗೆ ಆಗ ಅರ್ಥವಾಯಿತು. ಓಟದ ಸೋಲು ಗೆಲುವಿನದು ಹೋಗಲಿ, ಅದನ್ನು ನಕ್ಕು ಬಿಡಬಹುದಿತ್ತು. ಬೆವರಿನ ವಾಸನೆಯಿಂದ ಸತ್ಯದ ಹತ್ತಿರಕ್ಕೆ ಬಂದಿದ್ದ ಕಾಕುವನ್ನು ಹಿಂದಕ್ಕೆ ಕಳಿಸಿದವನು ನಾನು. ಕಾಕಾ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ನನ್ನ ಬಾಯಿಂದ ಬಂದದ್ದಕ್ಕೆ ನಂಬಿದ್ದರು. ಕಟ್ಟಡದವರ, ಮೇಷ್ಟ್ರುಗಳ, ಮೇಸ್ತ್ರಿಗಳ ದನಿಯನ್ನೆಲ್ಲ ಕದ್ದು ಆಡಿದವನು ನಾನು. ನನಗೇ ತಿಳಿಯದ ಹಾಗೆ ನನ್ನ ದನಿಯನ್ನು ಕದ್ದು ಬಳಸಿದವರು ಕಾಕಾ ಒಬ್ಬರೇ. ನನ್ನ ಸಲುವಾಗಿ ಮಾಡಿದೆ ಎಂದದ್ದು ನಿಜವೋ, ಸಿಕ್ಕಿಬಿದ್ದ ಮೇಲೆ ಹೊಳೆದದ್ದೋ, ಇವತ್ತಿಗೂ ಗೊತ್ತಿಲ್ಲ.

ಕಾಕು ಬರುವವರೆಗೆ ಕಾದು, ಕಾಕಾನ ಎದುರಿಗೇ ಅವರಿಗೆ ಎಲ್ಲ ಹೇಳಿದೆ. ಕಾಕು ಆ ಕಾಲನ್ನು ನೋಡಿ, ಅದರ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ, “ಈ ಪೈಜಾಮಾ ನಾ ಎಲ್ಲೆಲ್ಲಿ ಹುಡಕೀನಿ” ಎಂದರು. ಆಮೇಲೆ ಚಪ್ಪಲಿ ಕಳಚದೆ ನೆಲದ ಮೇಲೇ ಕುಳಿತುಬಿಟ್ಟರು. ಕಾಕಾ ನನ್ನನ್ನು ನೋಡಿದ ನೋಟವನ್ನು ನಾನು ಯಾವತ್ತೂ ನಕಲು ಮಾಡಿಲ್ಲ. ಮೋಸ ಹೋದವರ ಮುಖ ಅದು. ಅದು ನನ್ನ ಮುಖದ ಮೇಲೆ ಇರಬೇಕಾಗಿತ್ತು.

ಮರುದಿನ ಆಸ್ಪತ್ರೆ. ಇಷ್ಟು ದಿನ ಎಲ್ಲಿದ್ದಿರಿ ಎಂದು ಡಾಕ್ಟರು ಕೇಳಿದ್ದು ಕಾಕುವನ್ನು. ಕಾಕು ನನ್ನ ಕಡೆ ನೋಡಿದರು. ಎದೆ ತೆರೆದು ಮಾಡುವ ಆಪರೇಷನ್ ಆಯಿತು. ಕಾಕಾ ಒಳಗೆ ಹೋದವರು ತಿರುಗಿ ಬಂದರು, ಆದರೆ ಹೃದಯದ ಒಂದು ಪಾಲು ಮೊದಲೇ ಸೋತುಹೋಗಿತ್ತು. ಅಲ್ಲಿಂದಾಚೆಗೆ ನನ್ನೊಂದಿಗೆ ಮಾತು ಬಿಟ್ಟರು. ರಜೆಯಲ್ಲಿ ನಾನು ಹೋದರೆ ಮುಖ ಗೋಡೆಗೆ. “ನಿನ್ನ ಸಿಐಡಿ ಬಂದಾನ ನೋಡು. ಚಾ ಕುಡಿತಾನೇನು ಕೇಳು” ಎಂದು ಕಾಕುವಿಗೆ ಹೇಳುತ್ತಿದ್ದರು. “ಸಕ್ರಿ ಕಮ್ಮಿ ಅಂತ ಹೇಳ್ರಿ ಕಾಕು” ಎಂದು ನಾನೂ ಕಾಕುವಿಗೇ ಹೇಳುತ್ತಿದ್ದೆ. ನಡುವೆ ನಿಂತ ಕಾಕು ಒಮ್ಮೆ, “ನಾ ಏನು ಫೋನಿನ ಎಕ್ಸ್‌ಚೇಂಜ್ ಇದೀನೇನು? ಇಬ್ಬರೂ ಮನಶ್ಯಾರಂಗ ಮಾತಾಡ್ರಿ” ಎಂದು ಚಹದ ಕಪ್ಪನ್ನು ಕುಕ್ಕಿದರು. ಕಾಕಾ ಮತ್ತೆ ಗೋಡೆಗೆ ಹೊರಳಿದರು, ನಾನು ಕಪ್ಪು ಎತ್ತಿಕೊಂಡೆ. ಆ ಕಾಲನ್ನು ಕಾಕು ಯಾರಿಗೋ ಒಲೆಗೆಂದು ಕೊಟ್ಟುಬಿಟ್ಟಿದ್ದರು.

ಚಳಿಗಾಲದಲ್ಲಿ ನಾನು ರಜೆಗೆ ಬಂದಿದ್ದ ಒಂದು ಭಾನುವಾರ ಬೆಳಿಗ್ಗೆ ಕಾಕು ಕೆಳಗಿನಿಂದ ಕೂಗಿದರು. ಅವತ್ತು ಆಸ್ಪತ್ರೆಗೆ ಹೋದ ಕಾಕಾ ಹಿಂತಿರುಗಲಿಲ್ಲ. ಸಂಜೆಯೊಳಗೆ ಎಲ್ಲ ಮುಗಿಯಿತು. ಆದರೆ ನನ್ನ ಜೊತೆ ಉಳಿದಿರುವುದು ಆಸ್ಪತ್ರೆಯಲ್ಲ, ನಮ್ಮ ಕಟ್ಟಡದ ಮೆಟ್ಟಿಲು. ಆಂಬುಲೆನ್ಸಿನವರ ಸ್ಟ್ರೆಚರ್ ಆ ಇಕ್ಕಟ್ಟಿನ ತಿರುವಿನಲ್ಲಿ ಹೊರಳಲಿಲ್ಲ. ಹುಡುಗರು ನಿಂತು ಯೋಚಿಸುತ್ತಿರುವಾಗ ನಾನು ಬಗ್ಗಿ ಕಾಕಾನನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡೆ. ಹಿಂದಿನ ವರ್ಷದ ನಾನಾಗಿದ್ದರೆ ನನ್ನನ್ನೇ ಇಬ್ಬರು ಹೊರಬೇಕಾಗಿತ್ತು.

ಅವರ ತಲೆ ನನ್ನ ಹೆಗಲ ಮೇಲಿತ್ತು. ಒಂದು ಮಹಡಿ ಇಳಿದಿದ್ದೆ. ಕಿವಿಯ ಹತ್ತಿರ, ಬಹಳ ಸಣ್ಣ ದನಿಯಲ್ಲಿ, ನಡುವೆ ಯಾರನ್ನೂ ಇಟ್ಟುಕೊಳ್ಳದೆ ನನಗೇ ಹೇಳಿದರು:

“ನಿನಗ ದಮ್ಮೇ ಹತ್ತಿಲ್ಲಲ್ಲೋ.”

ಅದರಲ್ಲಿ ಹೆಮ್ಮೆಯಿತ್ತೋ, ನೋಡು ನಾ ಹೇಳಿರಲಿಲ್ಲವೇ ಎಂಬ ಮೊಂಡುತನವಿತ್ತೋ, ತಪ್ಪಾಯಿತು ಎಂಬುದಿತ್ತೋ, ಇಷ್ಟು ವರ್ಷ ಅವರ ದನಿಯನ್ನೇ ಬಾಯಲ್ಲಿಟ್ಟುಕೊಂಡು ತಿರುಗಿದ ನನಗೆ ತಿಳಿಯಲಿಲ್ಲ. ಸಿಟ್ಟು ಇನ್ನೂ ಹಾಗೆಯೇ ಇತ್ತು. ಇವತ್ತಿಗೂ ಪೂರ್ತಿ ಹೋಗಿಲ್ಲ. ಏನಾದರೂ ಒಂದು ಮಾತು ಆಡಬೇಕಿತ್ತು. ಇನ್ನೂ ಎರಡು ಮಹಡಿ ಇಳಿಯುವುದಿತ್ತು. ಉಸಿರು ಬೇಕಾದಷ್ಟಿತ್ತು. ನಾನು ಕಾಲಿಟ್ಟ ಮೆಟ್ಟಿಲನ್ನಷ್ಟೇ ನೋಡುತ್ತಾ, ಅವರನ್ನು ಅಲುಗಿಸದೆ, ಸುಮ್ಮನೆ ಇಳಿದೆ.